ರತ್ನಪರೀಕ್ಷೆ: ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೆಲದಿಂದ

ಸನ್ನಿವೇಲ್, ಫ್ರೀಮಾಂಟ್, ಸ್ಯಾನ್ ಹೋಸೆ ಕಡೆಯ ಕನ್ನಡ ಮನೆಗಳಲ್ಲಿ ಹರಳಿನ ಮಾತು ಬಂದರೆ ಮೂರು ಪ್ರಶ್ನೆಗಳು ಏಳುತ್ತವೆ: ಇದು ಅಸಲಿಯೇ? ಬೆಲೆ ಎಷ್ಟು? ನನ್ನ ರಾಶಿಗೆ ಆಗಿಬರುತ್ತದೆಯೇ? ಇದು ಯಾವ ನೆಲದಲ್ಲಿ, ಹೇಗೆ ಹುಟ್ಟಿತು ಎಂದು ಕೇಳುವವರು ವಿರಳ. ಆದರೆ ಈ ನಾಲ್ಕನೆಯ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ ಮೊದಲ ಎರಡಕ್ಕೆ ಅರ್ಧ ಉತ್ತರ ಸಿಕ್ಕಂತೆಯೇ. ಹಾಗೆ ಕೇಳಿ ಕಲಿಯಲು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಸುತ್ತಮುತ್ತಲಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ನಾವು ದಿನಾ ಕಾರಿನಲ್ಲಿ ದಾಟುವ ಗುಡ್ಡಗಳಲ್ಲಿ ಭೂವಿಜ್ಞಾನದ ಕೆಲವು ಮುಖ್ಯ ಪಾಠಗಳು ಮೊದಲ ಬಾರಿ ಬರೆಯಲ್ಪಟ್ಟಿವೆ.

ಕ್ಯಾಲಿಫೋರ್ನಿಯಾದ ರಾಜ್ಯರತ್ನದಿಂದಲೇ ಶುರು ಮಾಡೋಣ. 1907ರಲ್ಲಿ ಸ್ಯಾನ್ ಹೋಸೆಗೆ ದಕ್ಷಿಣದಲ್ಲಿ, ಸ್ಯಾನ್ ಬೆನಿಟೊ ನದಿ ಹುಟ್ಟುವ ಬೆಟ್ಟಗಳಲ್ಲಿ ಅದಿರು ಹುಡುಕುತ್ತಿದ್ದ ಜೇಮ್ಸ್ ಕೌಚ್ ಎಂಬಾತನಿಗೆ ನೀಲಿ ಹರಳುಗಳು ಕಂಡವು. ನೋಡಿದವರು ಅದನ್ನು ಇಂದ್ರನೀಲವೆಂದೇ ಭಾವಿಸಿದರು. ಬಣ್ಣ ಹಾಗೆಯೇ ಇತ್ತು, ಬೆಳಕನ್ನು ಬಾಗಿಸುವ ಪ್ರಮಾಣವೂ ಹತ್ತಿರ ಹತ್ತಿರ ಅಷ್ಟೇ. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜಾರ್ಜ್ ಲೌಡರ್‌ಬ್ಯಾಕ್ ಪರೀಕ್ಷಿಸಿದಾಗ ಅದು ಜಗತ್ತಿಗೇ ಹೊಸ ಖನಿಜ ಎಂದು ತಿಳಿಯಿತು. ಬೇರಿಯಂ, ಟೈಟಾನಿಯಂ, ಸಿಲಿಕಾನ್ ಮತ್ತು ಆಮ್ಲಜನಕ ಸೇರಿ ಆದ ಈ ಹರಳಿಗೆ ಆತ ಬೆನಿಟೊಯೈಟ್ ಎಂದು ಹೆಸರಿಟ್ಟ. ಹರಳುಗಳ ಸಮ್ಮಿತಿಯಲ್ಲಿ 32 ವರ್ಗಗಳು ಮಾತ್ರ ಸಾಧ್ಯವೆಂದು 19ನೇ ಶತಮಾನದಲ್ಲೇ ಗಣಿತ ಹೇಳಿತ್ತು. ಅದರಲ್ಲಿ ಮೂರು ಮೂಲೆಯ ಒಂದು ವರ್ಗಕ್ಕೆ ನಿಸರ್ಗದಲ್ಲಿ ಉದಾಹರಣೆ ಸಿಕ್ಕಿರಲಿಲ್ಲ. ಆ ಖಾಲಿ ಜಾಗವನ್ನು ತುಂಬಿದ್ದು ಬೆನಿಟೊಯೈಟ್. 1985ರಲ್ಲಿ ಅದು ಕ್ಯಾಲಿಫೋರ್ನಿಯಾದ ಅಧಿಕೃತ ರತ್ನವಾಯಿತು.

ಇದನ್ನು ಹತ್ತಿರದಿಂದ ನೋಡುವುದೇ ಒಂದು ಪಾಠ. ಹರಳುಗಳು ನೇಟ್ರೊಲೈಟ್ ಎಂಬ ಬಿಳಿ ಖನಿಜದ ಪದರದೊಳಗೆ ಹುದುಗಿರುತ್ತವೆ. ಆಮ್ಲದಲ್ಲಿಟ್ಟರೆ ಬಿಳಿ ಭಾಗ ನಿಧಾನವಾಗಿ ಕರಗಿ, ಒಳಗಿನಿಂದ ನೀಲಿ ತ್ರಿಕೋನಗಳು ಹೊರಬರುತ್ತವೆ. ಪಕ್ಕದಲ್ಲೇ ಮಸಿಗಪ್ಪಿನ ನೆಪ್ಟ್ಯೂನೈಟ್ ಕಡ್ಡಿಗಳು. ಹರಳನ್ನು ಒಂದು ದಿಕ್ಕಿನಿಂದ ನೋಡಿದರೆ ಗಾಢ ನೀಲಿ, ಇನ್ನೊಂದು ದಿಕ್ಕಿನಿಂದ ಬಣ್ಣವೇ ಇಲ್ಲ. ಬಿಳಿ ಬೆಳಕನ್ನು ಏಳು ಬಣ್ಣಕ್ಕೆ ಒಡೆಯುವ ಶಕ್ತಿಯಲ್ಲಿ ಇದು ವಜ್ರಕ್ಕೆ ಸರಿಸಮ. ಕಡಿಮೆ ತರಂಗದೂರದ ಅತಿನೇರಳೆ ದೀಪ ಹಿಡಿದರೆ ತಿಳಿನೀಲಿಯಾಗಿ ಹೊಳೆಯುತ್ತದೆ, ಇಂದ್ರನೀಲ ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ. ಗಡಸುತನದಲ್ಲಂತೂ ಎರಡಕ್ಕೂ ಬಹಳ ಅಂತರ: ಇಂದ್ರನೀಲಕ್ಕೆ 9, ಬೆನಿಟೊಯೈಟಿಗೆ 6ರಿಂದ 6.5. ಬಣ್ಣವೊಂದನ್ನೇ ನಂಬಿದರೆ ಎಷ್ಟು ದೂರ ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಥ ವಿಚಿತ್ರ ಖನಿಜ ಇಲ್ಲೇ ಏಕೆ ಹುಟ್ಟಿತು? ಕಾರಣ ನಮ್ಮ ಕಾಲ ಕೆಳಗಿದೆ. ಕೋಟ್ಯಂತರ ವರ್ಷ ಪೆಸಿಫಿಕ್ ಸಾಗರದ ತಳ, ಅಂದರೆ ಫ್ಯಾರಲಾನ್ ಫಲಕ, ಉತ್ತರ ಅಮೆರಿಕದ ಅಡಿಗೆ ಜಾರುತ್ತಾ ಹೋಯಿತು. ಜಾರುವಾಗ ಸಾಗರತಳದ ಲಾವಾ, ಕೆಸರು, ಸೂಕ್ಷ್ಮಜೀವಿಗಳ ಚಿಪ್ಪು ಎಲ್ಲವೂ ಕೆರೆದುಕೊಂಡು ಖಂಡದ ಅಂಚಿಗೆ ಅಂಟಿದವು. ಇದನ್ನೇ ಫ್ರಾನ್ಸಿಸ್ಕನ್ ಶಿಲಾಸಮೂಹ ಎನ್ನುತ್ತಾರೆ. ಗೋಲ್ಡನ್ ಗೇಟ್ ಸೇತುವೆ ದಾಟಿ ಮರಿನ್ ಹೆಡ್‌ಲ್ಯಾಂಡ್ಸ್ ಕಡೆಗೆ ತಿರುಗಿದರೆ ರಸ್ತೆ ಬದಿಯಲ್ಲಿ ಮಡಚಿ ಮಡಚಿ ಇಟ್ಟ ಕೆಂಪು ಪದರಗಳು ಕಾಣುತ್ತವೆ. ಅದು ಚರ್ಟ್, ರೇಡಿಯೋಲೇರಿಯಾ ಎಂಬ ಸೂಕ್ಷ್ಮಜೀವಿಗಳ ಸಿಲಿಕಾ ಚಿಪ್ಪುಗಳು ಸಾಗರತಳದಲ್ಲಿ ಸುಮಾರು 10 ಕೋಟಿ ವರ್ಷ ಶೇಖರವಾಗಿ ಗಟ್ಟಿಯಾದ ಕಲ್ಲು. ಮಾರ್ಗನ್ ಹಿಲ್ ಕಡೆ ಸಿಗುವ, ಕೆಂಪು ಹೂ ಚೆಲ್ಲಿದಂತಿರುವ ಪಾಪಿ ಜಾಸ್ಪರ್ ಕೂಡ ಸಿಲಿಕಾದ್ದೇ ರೂಪ.

ಇದಕ್ಕೆ ಎದುರಾಗಿ ನಮ್ಮ ನಾಡಿನ ನೆಲವನ್ನು ನೆನೆಯಿರಿ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಕರ್ನಾಟಕದ ಕಲ್ಲು ಭೂಮಿಯ ಬಾಲ್ಯದ್ದು, ಕೊಲ್ಲಿ ಪ್ರದೇಶದ ಕಲ್ಲು ಅದರ ಮುಂದೆ ಎಳೆಗೂಸು. ಹಾಗಾಗಿಯೇ ಕೋಲಾರ, ಹಟ್ಟಿಯಲ್ಲಿ ಪುರಾತನ ಹಸಿರುಶಿಲಾ ಪಟ್ಟಿಯ ಚಿನ್ನ, ಮೈಸೂರು ಸೀಮೆಯಲ್ಲಿ ಕುರುಂದ ಮತ್ತು ನಕ್ಷತ್ರ ಮಾಣಿಕ್ಯ, ಸಂಡೂರಿನಲ್ಲಿ ಮ್ಯಾಂಗನೀಸ್. ಇಲ್ಲಿ ಜೇಡ್, ಸರ್ಪೆಂಟೈನ್, ಪಾದರಸ. ಹರಳಿನ ಹುಟ್ಟೂರು ತಿಳಿಯುವುದೆಂದರೆ ಅದು ಪಟ್ಟ ಒತ್ತಡ, ಕಾವು ಮತ್ತು ಕುಡಿದ ನೀರಿನ ಲೆಕ್ಕ ತಿಳಿಯುವುದು.

ಈ ಲೆಕ್ಕವನ್ನು ಜಗತ್ತಿಗೆ ಕಲಿಸಿದ ಖನಿಜವೊಂದರ ತವರು ಮರಿನ್ ಕೌಂಟಿಯ ಟಿಬುರಾನ್. 1895ರಲ್ಲಿ ಬರ್ಕ್ಲಿಯ ಇಬ್ಬರು ಯುವ ವಿಜ್ಞಾನಿಗಳು, ರಾನ್ಸಮ್ ಮತ್ತು ಪಲಾಷ್, ಅಲ್ಲಿ ಸಿಕ್ಕ ಹೊಸ ಖನಿಜವನ್ನು ತಮ್ಮ ಗುರು ಆಂಡ್ರ್ಯೂ ಲಾಸನ್ ಹೆಸರಿನಲ್ಲಿ ಲಾಸೊನೈಟ್ ಎಂದು ಕರೆದರು. ಅದೇ ವರ್ಷ ಲಾಸನ್ ಸ್ಯಾನ್ ಆಂಡ್ರಿಯಾಸ್ ಸ್ತರಭಂಗಕ್ಕೆ ಹೆಸರಿಟ್ಟರು. 1906ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ಮೇಲಿನ ಮಹಾವರದಿಯ ಮುಂದಾಳೂ ಅವರೇ. ಲಾಸೊನೈಟ್ ಹುಟ್ಟಬೇಕಾದರೆ ಒತ್ತಡ ವಿಪರೀತ ಇರಬೇಕು, ಕಾವು ಮಾತ್ರ ಕಡಿಮೆ ಇರಬೇಕು. ತಣ್ಣನೆಯ ಸಾಗರತಳ ವೇಗವಾಗಿ ಆಳಕ್ಕೆ ಜಾರಿದಲ್ಲಿ ಮಾತ್ರ ಇದು ಸಾಧ್ಯ. ತೂಕದ ನೂರರಲ್ಲಿ ಹನ್ನೊಂದಕ್ಕೂ ಹೆಚ್ಚು ಪಾಲು ನೀರನ್ನು ಕಟ್ಟಿಕೊಂಡು ಈ ಖನಿಜ ಪಾತಾಳಕ್ಕೆ ಹೋಗುತ್ತದೆ. ಒಡವೆಗೆ ಅದು ಆಗುವುದಿಲ್ಲ, ಆದರೂ ನನ್ನ ಲೆಕ್ಕದಲ್ಲಿ ಈ ಕೊಲ್ಲಿಯ ಅತ್ಯಮೂಲ್ಯ ಹರಳು ಅದೇ.

ಅದರ ಜೊತೆಗಾರ ಗ್ಲಾಕೊಫೇನ್ ಎಂಬ ನೀಲಿ ಖನಿಜ. ಇಲ್ಲಿನ ನೀಲಿ ಶಿಲೆಗಳಿಗೆ ಬಣ್ಣ ಕೊಡುವುದು ಅದು. ಚಿಕ್ಕಮಗಳೂರಿನವರು ಇದನ್ನು ಓದುವಾಗ ಖುಷಿಪಡಬೇಕು. ಬಾಬಾಬುಡನ್ ಗಿರಿಯ ಕಬ್ಬಿಣದ ಶಿಲೆಗಳಲ್ಲಿ ಇದೇ ಕುಟುಂಬದ ನೀಲಿ ಖನಿಜವೊಂದಿದೆ. ಮೈಸೂರು ಭೂವಿಜ್ಞಾನ ಇಲಾಖೆಯ ಸ್ಮೀತ್ ಅದನ್ನು ಬಾಬಾಬುಡನೈಟ್ ಎಂದು ಕರೆದಿದ್ದರು. ಈಗ ಅದು ಮೆಗ್ನೀಸಿಯೊ-ರೀಬೆಕೈಟ್ ಎಂಬ ಹೆಸರಿನೊಳಗೆ ಸೇರಿಹೋಗಿದೆ. ಒಂದೇ ಕುಲದ ಎರಡು ನೀಲಿಗಳು, ಎರಡೂ ಬೇರೆ ಬೇರೆ ಕಥೆ ಹೇಳುತ್ತವೆ.

ಸರ್ಪೆಂಟೈನ್ ವಿಷಯಕ್ಕೆ ಬಂದರೆ, 1965ರಿಂದ ಅದು ಕ್ಯಾಲಿಫೋರ್ನಿಯಾದ ರಾಜ್ಯಶಿಲೆ. ಭೂಗರ್ಭದ ಶಿಲೆಗೆ ನೀರು ಸೇರಿ ಆದ, ಮೇಣ ಸವರಿದಂತೆ ನುಣುಪಾದ ಹಸಿರು ಕಲ್ಲು. ಗೋಲ್ಡನ್ ಗೇಟ್ ಸೇತುವೆಯ ದಕ್ಷಿಣದ ಗೋಪುರ ನಿಂತಿರುವುದು ಇದರ ಮೇಲೆ. ಸೇತುವೆ ಕಟ್ಟುವಾಗ, 1934ರ ಸುಮಾರಿಗೆ, ಸ್ಟ್ಯಾನ್‌ಫರ್ಡಿನ ಬೇಲಿ ವಿಲಿಸ್ ಈ ಕಲ್ಲು ಭಾರ ತಡೆಯದು ಎಂದು ಬಹಿರಂಗವಾಗಿ ಎಚ್ಚರಿಸಿದರು. ಸೇತುವೆಯ ಸಲಹೆಗಾರರಾಗಿದ್ದ ಲಾಸನ್, ಅಡಿಪಾಯದ ಕಲ್ಲು ಗಟ್ಟಿಯಾಗಿದೆ ಎಂದು ಸಾಧಿಸಿದರು. 1937ರಲ್ಲಿ ಸೇತುವೆ ತೆರೆಯಿತು, ಇಂದಿಗೂ ನಿಂತಿದೆ. ಸರ್ಪೆಂಟೈನಿನ ಒಂದು ರೂಪ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಆ ಕಾರಣಕ್ಕೆ 2010ರಲ್ಲಿ ಅದರ ರಾಜ್ಯಶಿಲೆಯ ಪಟ್ಟ ಕಿತ್ತುಹಾಕಲು ಮಸೂದೆ ಬಂತು, ಭೂವಿಜ್ಞಾನಿಗಳು ವಿರೋಧಿಸಿದರು, ಮಸೂದೆ ಬಿದ್ದುಹೋಯಿತು. ಭೂವಿಜ್ಞಾನಿಗಳ ವಾದ ಸರಿಯಾಗಿತ್ತೆಂದೇ ನನ್ನ ಅಭಿಪ್ರಾಯ. ಆದರೆ ಅಪಾಯವೂ ಸುಳ್ಳಲ್ಲ: ಬೆನಿಟೊಯೈಟ್ ಸಿಗುವ ಬೆಟ್ಟಗಳ ಕ್ಲಿಯರ್ ಕ್ರೀಕ್ ಪ್ರದೇಶವನ್ನು ಕಲ್ನಾರಿನ ಧೂಳಿನ ಕಾರಣಕ್ಕೇ 2008ರಲ್ಲಿ ಸಾರ್ವಜನಿಕರಿಗೆ ಮುಚ್ಚಿದ್ದರು. ಸರ್ಪೆಂಟೈನನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜುವುದು, ಕೊಯ್ಯುವುದು ಮಾಡಬಾರದು. ಬೇಲೂರು, ಹಳೇಬೀಡಿನ ಬಳಪದ ಕಲ್ಲು ಇದಕ್ಕೆ ದೂರದ ನೆಂಟ.

ಬಳಪದ ಮಾತು ಬಂದದ್ದರಿಂದ ಗಡಸುತನದ ಲೆಕ್ಕಕ್ಕೆ ಹೋಗಬಹುದು. 1812ರಲ್ಲಿ ಫ್ರೆಡ್ರಿಕ್ ಮೋಸ್ ಮಾಡಿದ ಹತ್ತು ಮೆಟ್ಟಿಲಿನ ಅಳತೆಯಲ್ಲಿ ಮೊದಲ ಮೆಟ್ಟಿಲು ಟಾಲ್ಕ್. ನಮ್ಮ ಸ್ಲೇಟಿನ ಬಳಪ ಅದರಿಂದಲೇ ಆದದ್ದು. ಸ್ಫಟಿಕ 7, ಪುಷ್ಯರಾಗ 8, ಮಾಣಿಕ್ಯ ಮತ್ತು ನೀಲ 9, ವಜ್ರ 10. ಈ ಅಂಕಿಗಳು ಸರದಿಯನ್ನಷ್ಟೇ ಹೇಳುತ್ತವೆ. ವಜ್ರಕ್ಕೂ ಮಾಣಿಕ್ಯಕ್ಕೂ ನಡುವಿನ ನಿಜವಾದ ಅಂತರ ಉಳಿದ ಮೆಟ್ಟಿಲುಗಳಿಗಿಂತ ಎಷ್ಟೋ ದೊಡ್ಡದು. ಒಡವೆಯ ಹರಳನ್ನು ಗೀಚಿ ನೋಡುವ ದುಡುಕು ಮಾತ್ರ ಬೇಡ. ಗಡಸಾದ ಹರಳೂ ಒಡೆಯಬಲ್ಲದು, ವಜ್ರ ನಾಲ್ಕು ದಿಕ್ಕಿನಲ್ಲಿ ಸುಲಭವಾಗಿ ಸೀಳುತ್ತದೆ.

ಮನೆಯಲ್ಲೇ ಮಾಡಬಹುದಾದ, ಹರಳಿಗೆ ಏನೂ ಆಗದ ಪರೀಕ್ಷೆ ನೀರಿನದು. ಕ್ಯಾರೆಟ್ ತೂಗುವ ಪುಟ್ಟ ತಕ್ಕಡಿ, ಸಣ್ಣ ದಾರ, ಒಂದು ಲೋಟ ನೀರು ಸಾಕು. ಬಿಡಿ ಹರಳನ್ನು ಮೊದಲು ಗಾಳಿಯಲ್ಲಿ ತೂಗಿ, ಆಮೇಲೆ ದಾರದಲ್ಲಿ ಕಟ್ಟಿ ನೀರಿನೊಳಗೆ ತೂಗುಬಿಟ್ಟು ತೂಗಿ. ಗಾಳಿಯಲ್ಲಿ 6 ಕ್ಯಾರೆಟ್, ನೀರಿನಲ್ಲಿ 4.5 ಕ್ಯಾರೆಟ್ ಬಂತೆನ್ನಿ. ಕಳೆದ ತೂಕ 1.5. ಆರನ್ನು ಒಂದೂವರೆಯಿಂದ ಭಾಗಿಸಿದರೆ 4. ಅದು ಮಾಣಿಕ್ಯದ ಸಾಂದ್ರತೆ. ಮಾಣಿಕ್ಯದಂತೆಯೇ ಕಾಣುವ ಕೆಂಪು ಸ್ಪಿನೆಲ್ ಆಗಿದ್ದರೆ 3.6ರ ಆಸುಪಾಸು. ಹಸಿರು ಕಲ್ಲಿನಲ್ಲಿ ಈ ಪರೀಕ್ಷೆ ಇನ್ನೂ ಚೆನ್ನಾಗಿ ಕೈಹಿಡಿಯುತ್ತದೆ. ‘ಹೊಸ ಜೇಡ್’ ಎಂದು ಮಾರುವ ಸರ್ಪೆಂಟೈನಿಗೆ ಸುಮಾರು 2.6, ಬಿಗ್ ಸರ್ ಕಡಲಂಚಿನಲ್ಲಿ ಸಿಗುವಂಥ ನೆಫ್ರೈಟಿಗೆ 2.9ರಿಂದ 3, ಜೇಡೈಟಿಗೆ 3.3. ನೆಫ್ರೈಟ್, ಜೇಡೈಟ್ ಎರಡೂ ಬೇರೆ ಖನಿಜಗಳೆಂದು ಫ್ರಾನ್ಸಿನ ಅಲೆಕ್ಸಿ ಡಾಮೂರ್ ತೋರಿಸಿದ್ದು 1863ರಲ್ಲಿ, ಅಲ್ಲಿಯವರೆಗೆ ಎಲ್ಲವೂ ಜೇಡ್.

ಒಂದೇ ಪರೀಕ್ಷೆಯನ್ನು ನಂಬಿ ತೀರ್ಪು ಕೊಡಬಾರದು. ಆಲ್ಮಂಡಿನ್ ಗಾರ್ನೆಟ್ ಕೂಡ ಕೆಂಪು, ಅದರ ಸಾಂದ್ರತೆಯೂ 4ರ ಹತ್ತಿರ. ಬೇರ್ಪಡಿಸುವುದು ಬೆಳಕು: ಮಾಣಿಕ್ಯ ಬೆಳಕಿನ ಕಿರಣವನ್ನು ಎರಡಾಗಿ ಸೀಳುತ್ತದೆ, ಗಾರ್ನೆಟ್ ಸೀಳುವುದಿಲ್ಲ. ಇಂಗ್ಲೆಂಡಿನ ರಾಜಕಿರೀಟದ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ನಿಜವಾಗಿ ಸ್ಪಿನೆಲ್. ರಾಜರನ್ನೇ ಬಣ್ಣ ಏಮಾರಿಸಿದ ಮೇಲೆ ನಮ್ಮ ಪಾಡೇನು.

ಆ ಬಣ್ಣವಾದರೂ ಎಲ್ಲಿಂದ? ಶುದ್ಧ ಕುರುಂದಕ್ಕೆ ಬಣ್ಣವಿಲ್ಲ. ಅಲ್ಯೂಮಿನಿಯಂ ಇರಬೇಕಾದ ಕಡೆ ತುಸು ಕ್ರೋಮಿಯಂ ಕೂತರೆ ಕೆಂಪು ಮಾಣಿಕ್ಯ, ಕಬ್ಬಿಣ ಮತ್ತು ಟೈಟಾನಿಯಂ ಜೊತೆಯಾಗಿ ಕೂತರೆ ನೀಲ. ಅದೇ ಕ್ರೋಮಿಯಂ ಬೆರಿಲ್ ಎಂಬ ಖನಿಜದೊಳಗೆ ಹೋದರೆ ಹಸಿರು ಪಚ್ಚೆ.

ಲೂಪ್ ಹಿಡಿದು ನೋಡುವ ಅಭ್ಯಾಸ ಇದೆಲ್ಲಕ್ಕಿಂತ ಮುಖ್ಯ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಸಾಕು. 1902ರಲ್ಲಿ ಫ್ರಾನ್ಸಿನ ವೆರ್ನ್ಯೂಯಿ ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಪ್ರಕಟಿಸಿದ. ಆ ಹರಳಿನೊಳಗೆ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಬಾಗಿದ ಸಾಲುಗಳಿರುತ್ತವೆ. ನೆಲದಲ್ಲಿ ಹುಟ್ಟಿದ ಹರಳಿನ ಬೆಳವಣಿಗೆಯ ಗೆರೆಗಳು ನೇರ, ಕೋನ ಕೋನವಾಗಿ ತಿರುಗುತ್ತವೆ. ಕಳೆದ ಶತಮಾನದ ಮೊದಲ ದಶಕಗಳಲ್ಲೇ ಈ ಮಾಣಿಕ್ಯಗಳು ಲೋಕವೆಲ್ಲ ಹರಡಿದವು. ಆದ್ದರಿಂದ ಅಜ್ಜಿಯ ಕೆಂಪಿನ ಓಲೆ ಹಳೆಯದು ಎಂದಮಾತ್ರಕ್ಕೆ ಹರಳು ಗಣಿಯದ್ದೇ ಎನ್ನಲಾಗದು. ಹಿಂಬದಿ ಮುಚ್ಚಿ, ಒಳಗೆ ಹೊಳಪಿನ ತಗಡಿಟ್ಟು ಕಟ್ಟಿದ ಹಳೆಯ ಓಲೆಗಳನ್ನು ಪರೀಕ್ಷೆಗೆಂದು ಬಿಚ್ಚಬೇಡಿ. ಆ ಅಕ್ಕಸಾಲಿಗನ ಕೈಕೆಲಸದ ಬೆಲೆ ಹರಳಿನ ಬೆಲೆಗಿಂತ ಹೆಚ್ಚಿರಬಹುದು.

ಇಂದಿನ ದೊಡ್ಡ ತೊಡಕು ನಕಲಿ ಹರಳಲ್ಲ, ಮುಚ್ಚಿಟ್ಟ ಉಪಚಾರ. ನೀಲ, ಮಾಣಿಕ್ಯಗಳನ್ನು ಕಾಯಿಸಿ ಬಣ್ಣ ತಿಳಿಗೊಳಿಸುವುದು ವ್ಯಾಪಾರದಲ್ಲಿ ಒಪ್ಪಿತ ಪದ್ಧತಿ. ಪಚ್ಚೆಯ ಬಿರುಕಿಗೆ ಎಣ್ಣೆ ಕುಡಿಸುವುದೂ ಹಳೆಯದು. ಆದರೆ 2004ರ ಸುಮಾರಿಗೆ ಪೇಟೆಗೆ ಬಂದ ಸೀಸದ ಗಾಜು ತುಂಬಿದ ಮಾಣಿಕ್ಯ ಬೇರೆಯೇ ಜಾತಿ. ಬಿರುಕು ಬಿಟ್ಟ ಅಗ್ಗದ ಕುರುಂದಕ್ಕೆ ಗಾಜು ಸುರಿದು ಹೊಳೆಯಿಸಿದ್ದು. ಲೂಪ್‌ನಲ್ಲಿ ಗುಳ್ಳೆಗಳು, ಓರೆಯಾಗಿಸಿದಾಗ ನೀಲಿ ಮಿಂಚು ಕಾಣುತ್ತದೆ. ಹುಣಸೆಹಣ್ಣು, ನಿಂಬೆರಸದಿಂದ ಒಡವೆ ತೊಳೆಯುವ ನಮ್ಮ ರೂಢಿ ಈ ಹರಳಿಗೆ ಮಾರಕ, ಆಮ್ಲ ಗಾಜನ್ನು ತಿಂದುಬಿಡುತ್ತದೆ. ಪಚ್ಚೆಯನ್ನು ಬಿಸಿನೀರಿಗೆ ಹಾಕಿದರೆ ಎಣ್ಣೆ ಹೊರಬಂದು ಬಿರುಕು ಎದ್ದು ಕಾಣುತ್ತದೆ.

ಪ್ರಯೋಗಾಲಯದ ವಜ್ರದ ಬಗ್ಗೆ ಇಲ್ಲಿನ ಯುವಕರು ಹೆಚ್ಚು ಕೇಳುತ್ತಾರೆ. 1954ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆ ಒತ್ತಡ ಮತ್ತು ಕಾವಿನಿಂದ ವಜ್ರ ಮಾಡಿ ತೋರಿಸಿತು. ಈಗ ಅನಿಲದಿಂದ ಪದರ ಪದರವಾಗಿ ಬೆಳೆಸುವ ವಿಧಾನವೂ ಇದೆ. ಇದೇ ಕೊಲ್ಲಿ ಪ್ರದೇಶದ ಡೈಮಂಡ್ ಫೌಂಡ್ರಿ ಕಂಪನಿ ಈ ಬಗೆಯ ವಜ್ರವನ್ನು ಒಡವೆಗೂ ಚಿಪ್ ತಂತ್ರಜ್ಞಾನಕ್ಕೂ ಬೆಳೆಸುತ್ತದೆ. ಇದು ಗಾಜಲ್ಲ, ರಾಸಾಯನಿಕವಾಗಿ ವಜ್ರವೇ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ವಜ್ರದ ವ್ಯಾಖ್ಯೆಯಿಂದ ‘ನೈಸರ್ಗಿಕ’ ಎಂಬ ಪದವನ್ನು ತೆಗೆಯಿತು, ಆದರೆ ಪ್ರಯೋಗಾಲಯದ್ದೆಂದು ಹೇಳಿಯೇ ಮಾರಬೇಕು. ತೊಡುವುದಕ್ಕೆ ಕೊಳ್ಳುವವರಿಗೆ ಅದು ಒಳ್ಳೆಯ ಆಯ್ಕೆ, ಆಸ್ತಿಯೆಂದು ಕೊಳ್ಳುವವರಿಗೆ ಅಲ್ಲ.

ರಾಶಿಯ ಪ್ರಶ್ನೆಗೆ ಹೆಚ್ಚು ಹೇಳಲಾರೆ, ನಂಬಿಕೆ ಅವರವರದು. ಆದರೆ ನಮ್ಮ ಹಳಬರು ನಂಬಿಕೆಯ ಹೆಸರಿನಲ್ಲಿ ಪರೀಕ್ಷೆಯನ್ನು ಬಿಟ್ಟುಕೊಟ್ಟಿರಲಿಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ರತ್ನಗಳ ಅಧ್ಯಾಯಗಳಿವೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವೂ ರತ್ನಗಳ ಗುಣದೋಷಗಳನ್ನು ಚರ್ಚಿಸುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಬಜಾರಿನಲ್ಲಿ ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಹಿರಂಗವಾಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಬಳ್ಳದಲ್ಲಿ ಅಳೆದು ಮಾರುತ್ತಿದ್ದರು ಎಂಬ ಮಾತನ್ನು ನಾವೆಲ್ಲ ಶಾಲೆಯಲ್ಲಿ ಕೇಳಿದವರೇ. ಆ ವೈಭವವನ್ನು ನೆನೆಯುತ್ತೇವೆ, ಅದನ್ನು ಸಾಧ್ಯವಾಗಿಸಿದ ಪರೀಕ್ಷಕರ ವಿದ್ಯೆಯನ್ನು ಮರೆತಿದ್ದೇವೆ. ಪೆಗು, ಸಿಂಹಳದ ಮಾಣಿಕ್ಯವನ್ನೂ ವಜ್ರಕರೂರು ಸೀಮೆಯ ವಜ್ರವನ್ನೂ ಕಣ್ಣಿನಲ್ಲೇ ಗುರುತಿಸಬಲ್ಲವರು ಇರದಿದ್ದರೆ ಅಂಥ ಪೇಟೆ ಒಂದು ದಿನವೂ ನಡೆಯುತ್ತಿರಲಿಲ್ಲ.

ಖನಿಜದ ಚರಿತ್ರೆಯಲ್ಲಿ ಹೊಳಪಿನಷ್ಟೇ ನಂಜೂ ಇದೆ. ಸ್ಯಾನ್ ಹೋಸೆಯ ದಕ್ಷಿಣದ ನ್ಯೂ ಆಲ್ಮಡೆನ್ ಬೆಟ್ಟಗಳಲ್ಲಿ ಇಂಗಲೀಕ ಸಿಗುತ್ತದೆ, ಪಾದರಸದ ಕೆಂಪು ಅದಿರು. ಮೂಲನಿವಾಸಿ ಓಲೋನಿ ಜನ ಅದನ್ನು ಮೈಗೆ ಬಣ್ಣವಾಗಿ ಹಚ್ಚುತ್ತಿದ್ದರು. 1845ರಲ್ಲಿ ಮೆಕ್ಸಿಕೋದ ಸೇನಾಧಿಕಾರಿ ಆಂದ್ರೆಸ್ ಕಾಸ್ಟಿಯೆರೋ ಅದನ್ನು ಗುರುತಿಸಿದ. ಪುಡಿ ಮಾಡಿದ ಅದಿರನ್ನು ಕೆಂಡದ ಮೇಲೆ ಹಾಕಿ ಲೋಟ ಬೋರಲು ಹಾಕಿದಾಗ ಒಳಮೈಗೆ ಪಾದರಸದ ಹನಿಗಳು ಕಟ್ಟಿದವಂತೆ. ಮೂರು ವರ್ಷಕ್ಕೆ, 1848ರ ಜನವರಿ 24ರಂದು, ಕೊಲೋಮಾದಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನ ಸಿಕ್ಕಿತು. ಮರಳಿನಲ್ಲಿನ ನುಣ್ಣನೆಯ ಚಿನ್ನ ಹಿಡಿಯಲು ಆಗ ಪಾದರಸ ಬಳಸುತ್ತಿದ್ದರು. ಉತ್ತರ ಅಮೆರಿಕದಲ್ಲೇ ಅತಿ ಹೆಚ್ಚು ಪಾದರಸ ಕೊಟ್ಟ ಗಣಿ ನ್ಯೂ ಆಲ್ಮಡೆನ್ ಆಯಿತು: ತಲಾ 76 ಪೌಂಡಿನ ಹತ್ತು ಲಕ್ಷಕ್ಕೂ ಮೀರಿದ ಸೀಸೆಗಳು. ಆ ಪಾದರಸ ಗ್ವಾಡಲುಪೆ ನದಿಯಲ್ಲಿ ಹರಿದು ಕೊಲ್ಲಿ ಸೇರಿತು. ಕೊಲ್ಲಿಯ ಕೆಲವು ಮೀನುಗಳನ್ನು ತಿನ್ನಬೇಡಿ ಎಂಬ ಸೂಚನೆ ಇಂದಿಗೂ ಇದೆ. ಆ ಗಣಿಯಲ್ಲಿ ದುಡಿದವರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನವರೂ ಇದ್ದರು. ಅದೇ ಕಾರ್ನ್‌ವಾಲ್‌ನವರು ಜಾನ್ ಟೇಲರ್ ಕಂಪನಿಯೊಂದಿಗೆ 1880ರ ನಂತರ ನಮ್ಮ ಕೋಲಾರಕ್ಕೂ ಬಂದರು. ಕೋಲಾರದ ಗಣಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು 2001ರಲ್ಲಿ ಮುಚ್ಚಿತು, ಸೈನೈಡ್ ದಿಬ್ಬಗಳು ಊರಿನ ಪಕ್ಕದಲ್ಲೇ ಉಳಿದವು. ನ್ಯೂ ಆಲ್ಮಡೆನ್ ಗಣಿಯಿದ್ದ ಜಾಗದ ಆಲ್ಮಡೆನ್ ಕ್ವಿಕ್‌ಸಿಲ್ವರ್ ಉದ್ಯಾನದಲ್ಲಿ ಕೋಲಾರದಿಂದ ಬಂದ ಕುಟುಂಬಗಳು ನಡೆದಾಡಿದರೆ ಈ ನಂಜಿನ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಲಿಯಲು ಇಲ್ಲಿ ದಾರಿಗಳು ಬಹಳ. ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಸಾಂಟಾ ಕ್ಲಾರಾ ಕಣಿವೆಯಲ್ಲೂ ರತ್ನ-ಖನಿಜ ಸಂಘಗಳಿವೆ, ಅಲ್ಲಿನ ಹಿರಿಯರು ಕಲ್ಲು ಕೊಯ್ದು ಸಾಣೆ ಹಿಡಿಯುವುದನ್ನು ಪ್ರೀತಿಯಿಂದ ಕಲಿಸುತ್ತಾರೆ. ಏಷ್ಯನ್ ಆರ್ಟ್ ಮ್ಯೂಸಿಯಮ್ಮಿನಲ್ಲಿ ಏವರಿ ಬ್ರಂಡೇಜ್ ಸಂಗ್ರಹಿಸಿದ ಸಾವಿರಕ್ಕೂ ಹೆಚ್ಚು ಜೇಡ್ ವಸ್ತುಗಳಿವೆ. ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿರಿ: ಮರಿನ್ ಹೆಡ್‌ಲ್ಯಾಂಡ್ಸ್, ಪಾಯಿಂಟ್ ರೇಯ್ಸ್‌ನಂಥ ರಾಷ್ಟ್ರೀಯ ಉದ್ಯಾನಗಳಲ್ಲಿ ಒಂದು ಬೆಣಚುಕಲ್ಲನ್ನೂ ಜೇಬಿಗಿಳಿಸುವಂತಿಲ್ಲ. ಟಿಬುರಾನಿನ ರಿಂಗ್ ಮೌಂಟನ್ನೂ ಸಂರಕ್ಷಿತ ನೆಲ, ಸರ್ಪೆಂಟೈನ್ ಮಣ್ಣಿನಲ್ಲಿ ಅರಳುವ ಟಿಬುರಾನ್ ಮರಿಪೋಸಾ ಲಿಲಿ ಲೋಕದಲ್ಲಿ ಅಲ್ಲಿ ಬಿಟ್ಟು ಬೇರೆಲ್ಲೂ ಇಲ್ಲ. ಅಲ್ಲಿ ಕಣ್ಣು ಮತ್ತು ಲೂಪ್ ಸಾಕು.

ಇನ್ನು ಕೊಳ್ಳುವವರಿಗೆ. ಹರಳು ಯಾವ ಖನಿಜ, ಗಣಿಯದ್ದೋ ಪ್ರಯೋಗಾಲಯದ್ದೋ, ಅದಕ್ಕೆ ಏನೇನು ಉಪಚಾರವಾಗಿದೆ, ಈ ಮೂರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬೆಲೆಬಾಳುವ ಹರಳಾದರೆ ಉಂಗುರಕ್ಕೆ ಕೂರಿಸುವ ಮೊದಲೇ, ಮಾರುವವರಿಗೆ ಸಂಬಂಧವಿಲ್ಲದ ಪ್ರಯೋಗಾಲಯದ ವರದಿ ತರಿಸಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಲ್ಲಿ ಹರಳು ಕೊಳ್ಳಬೇಡಿ.